ಮಗುಚಿದ ಕರಾವಳಿ

ಹುಟ್ಟುಹಬ್ಬ, ಶ್ರದ್ಧಾಂಜಲಿ, ಮೀನುಗಾರರ ಸೊಸೈಟಿ ಚುನಾವಣೆ
ಎಲ್ಲ ಫೈಲೂ ಮುಚ್ಚಿ, ಅಂಗಡಿಯ ಷಟರ್ ಅರ್ಧ ಎಳೆದು
ನಾನೊಂದು ದೇಶ ಮಾಡಲು ಕೂರುತ್ತೇನೆ.

ಭಾನುವಾರಕ್ಕೆ ಬೇಕು. ಲಿಗೋರಿ, ಶಮೀಮ್, ಪ್ರಜ್ಯೋತ್, ಸುಗಂಧಾ.
ನಾಲ್ವರು, ಒಂದು ಹಡಗು, ಇಪ್ಪತ್ತು ಮುಖದ ದಾಳ.
ಅವರು ಕಾಲಿಟ್ಟಲ್ಲೆಲ್ಲ ನೆಲವಿರಬೇಕು.

ಬರಿಗೈಯಲ್ಲಿ ಕಡಲಂಚು ಬರೆಯಲು ಬಾರದು ನನಗೆ,
ಖಂಡ ಬಟಾಟೆಯಾಗುತ್ತದೆ.
ಅದಕ್ಕೇ ಕಾರವಾರವನ್ನು ಕದ್ದೆ:
ಸದಾಶಿವಗಡದಿಂದ ಬೈತಖೋಲದವರೆಗೆ ಅಂಚು ಹಿಡಿದೆಳೆದು
ಎಡಬಲ ಮಗುಚಿ ಹಾಕಿದೆ.
ಈಗ ಸೂರ್ಯ ಕಡಲಲ್ಲಿ ಹುಟ್ಟುತ್ತಾನೆ,
ಕಾಳಿ ಪೂರ್ವಕ್ಕೆ ಹರಿದು
ಬೇರೆ ಹೆಸರಲ್ಲಿ ಸಮುದ್ರ ಸೇರುತ್ತಾಳೆ.
ಗುಡ್ಡಕ್ಕೊಂದು ಬ್ರಷ್ಷು, ಕಾಡಿಗೊಂದು.
ಕುರುಮಗಡಕ್ಕೆ ಬೆಂಕಿಯುಗುಳುವ ಹಕ್ಕಿ,
ದೀಪಸ್ತಂಭಕ್ಕೆ ಮಾಟಗಾತಿ.
ಹೈವೇ ಅಳಿಸಿದೆ, ಸುರಂಗ ಅಳಿಸಿದೆ, ಒಂದು ಕೀಲಿಯ ಕೆಲಸ.
ಮುಳ್ಳುತಂತಿಯ ಉದ್ದ ಗೋಡೆಯನ್ನೂ.
ಅದರಾಚೆ ಏನಿದೆಯೋ ನೋಡಿದವಳಲ್ಲ;
ಬಿಳಿ ಬಿಡಲು ಮನಸ್ಸಾಗದೆ ಹುಲ್ಲು ತುಂಬಿದೆ.

ಶನಿವಾರ ಸುಗಂಧಾಳ ಅಪ್ಪ ಬಂದರು,
ಸೋಮಾ ತಾಂಡೇಲ, ಬೋಟಿನ ನಂಬರಿಗೆ ರೇಡಿಯಂ ಕತ್ತರಿಸಲು.
ಯಂತ್ರ ಕೊರೆಯುವಷ್ಟು ಹೊತ್ತು ಪರದೆ ನೋಡುತ್ತ ನಿಂತರು.
ಕುತ್ತಿಗೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.
ಆಮೇಲೆ ತಿರುಗಿ, ಪಾಸ್‌ಪೋರ್ಟ್ ಫೋಟೋದವರು ತಲೆ ಬಾಚುವ
ಕನ್ನಡಿಯೊಳಗೆ ಇಣುಕಿ ನಕ್ಕರು.
"ಇದು ನಮ್ದೇ ಅಲ್ದಾ?"
ಸಿಕ್ಕಿಬಿದ್ದೆ.
"ಬಂಡೆ ಎಲ್ಲಿ?"
ಯಾವ ಬಂಡೆ?
"ಇಳಿತಕ್ಕೂ ಕಾಣದ್ದು."
ಬೆರಳಿಟ್ಟರು, ಪರದೆಗೆ ಡೀಸೆಲ್ ಗುರುತು.
ಬರೀ ಅಂದಕ್ಕೆಂದು ನಾನು
ತಿಮಿಂಗಿಲ ಬಿಟ್ಟಿದ್ದ ಜಾಗ.
"ತಮ್ಮನ ದೋಣಿ ಇಲ್ಲೇ.
ನಾರಳಿ ಹುಣ್ಣಿಮೆ ಕಳೆದು ಮೂರನೇ ದಿನ."
ಇದು ಆಟದ್ದು ಕಾಕಾ, ಎಂದೆ.
"ಆಟದವರೂ ಮುಳುಗ್ತಾರಲ್ಲ," ಎಂಬತ್ತು ರೂಪಾಯಿ ಎಣಿಸುತ್ತ,
"ಹೇಳ್ಬೇಡ ಅವರಿಗೆ. ನಮ್ಮವಳಿಗಂತೂ ಹೇಳ್ಬೇಡ."

ಹೊಸ ಪದರ ತೆರೆದೆ,
ಆಟಗಾರರಿಗೆ ಕಾಣದ್ದು, ಕಣ್ಣಿನ ಗುರುತು ಮುಚ್ಚಿದ್ದು.
ಹೆಸರು ಕೊಡು ಎಂದಿತು ಯಂತ್ರ.
ಕೇಳಲು ಮರೆತಿದ್ದೆ. "ತಮ್ಮ" ಎಂದು ಬರೆದೆ.
ತಿಮಿಂಗಿಲವನ್ನು ದಕ್ಷಿಣಕ್ಕೆ ಸರಿಸಿದೆ.

ಭಾನುವಾರ ಕೋಡಿಬಾಗದಲ್ಲಿ, ಲಿಗೋರಿಯ ತಾರಸಿ.
ಉಳಿಕೆ ಫ್ಲೆಕ್ಸಿನ ಬೆನ್ನ ಮೇಲೆ ನನ್ನ ದೇಶ,
ಅಡಿಯಲ್ಲಿ ಯಾರಿಗೋ ಹಾರ್ದಿಕ ಸ್ವಾಗತ.
ಗಾಳಿಗೆ ನಾಲ್ಕು ಮೂಲೆಗೂ ಸೋಡಾ ಬಾಟಲಿ.
ನೇರ ಹೋಗುವ, ಎಂದ ಲಿಗೋರಿ. ನಿಧಿ ಅತ್ತಲೇ, ಎಂದ ಶಮೀಮ್.
ಚುಕ್ಕಾಣಿ ಸುಗಂಧಾಳದು.
ದಾಳ ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನೀಲಿಯನ್ನೇ ನೋಡಿದಳು.
"ನೀ ಬುಧವಾರ ಕಳಿಸಿದ ಫೋಟೋದಲ್ಲಿ
ತಿಮಿಂಗಿಲ ಇಲ್ಲಿತ್ತು.
ಯಾಕೆ ಓಡಿಹೋಯ್ತು?"
ನಾನು ಸೋಡಾ ಕುಡಿದೆ. ಆ ಮೂಲೆ ಹಾರಿತು.
"ಸುತ್ತಿ ಹೋಗುವ," ಎಂದಳು.
ಒಂದು ದಿನ ಜಾಸ್ತಿ, ನೀರು ಸಾಲದು, ಪ್ರಜ್ಯೋತ್ ಗೊಣಗಿದ.
ಅವರ ಪೀಪಾಯಿಯಿಂದ
ಒಂದು ದಿನದ ನೀರು ಕಳೆದು
ಪುಸ್ತಕದಲ್ಲಿ ಬರೆದುಕೊಂಡೆ.