ಗಣಿಯಲ್ಲಿ ದುಡಿದದ್ದು

ಎರಡು ಲಕ್ಷ ಅರವತ್ತು ಸಾವಿರ ತೆಂಗೆ.
ಔಷಧಿ ಅಂಗಡಿಯ ಹನ್ನೊಂದು ತಿಂಗಳ ರಾತ್ರಿಪಾಳಿ
ಕೋಟಿನ ಒಳಜೇಬಿನಲ್ಲಿ ಮಡಚಿ ಕೂತಿದೆ.
ಹೊರಗೆ ಕರಗಂದಾ, ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ;
ಹಿಮದ ಮೇಲೆ ಹಿಮ, ಅದರ ಮೇಲೆ ತೆಳ್ಳಗೆ ಮಸಿ.

ಅಪ್ಪ ಜೊತೆಗೆ ಬಂದಿದ್ದಾನೆ, ಕರೆಯದಿದ್ದರೂ.
"ಇಷ್ಟು ದುಡ್ಡು ಹೊತ್ತು ಒಬ್ಬಳೇ ಹೋಗುತ್ತೀಯಾ?"
ಅಸಲು ಕಾರಣ, ಕೂತು ಕೂತು ಬೇಸರ.
ಇಪ್ಪತ್ತಾರು ವರ್ಷ ನೆಲದಡಿ ಕಲ್ಲಿದ್ದಲು ಕಡಿದವನಿಗೆ
ಪಿಂಚಣಿ ಎಂದರೆ ಬರೀ ಬೆಳಕು.

ಚೀಟಿ ನನ್ನದು, ಮೂರು ಸಲ ಹೊಡೆದು ಬರೆದದ್ದು:
ಪ್ರೊಸೆಸರ್ ಐವತ್ತೆರಡು, ಮದರ್‌ಬೋರ್ಡ್ ಮೂವತ್ತೆಂಟು,
ಮೆಮೊರಿ ಇಪ್ಪತ್ತೊಂದು (ಎಂಟರದೇ ಎರಡು ಪಟ್ಟಿ,
ಜೋಡಿಯಾದರೆ ಓಟ ಚುರುಕು), ಎಸ್‌ಎಸ್‌ಡಿ ಹತ್ತೊಂಬತ್ತು.
ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿದರೆ ಹನ್ನೆರಡು ಉಳಿದೀತು.
ಉಳಿದು? ಕಾರ್ಡು ಓಡುವಾಗ ಇದು ಏದುಸಿರು ಬಿಟ್ಟರೆ,
ಎತ್ತು ಏರಿಗೆ, ಕೋಣ ನೀರಿಗೆ.
ಹಾಗೇ ಇರಲಿ. ಕೈಯಲ್ಲಿ ಉಳಿದದ್ದು ಲಕ್ಷದ ಮೂವತ್ತು.
ಹೊಸ ಗ್ರಾಫಿಕ್ಸ್ ಕಾರ್ಡೊಂದಕ್ಕೇ ಲಕ್ಷದ ಎಪ್ಪತ್ತು.

ಲಿಗಾಯ್ ನನ್ನ ಮುಖ ಓದಿದ. ಕೆಳಗಿನ ಡ್ರಾಯರ್ ಎಳೆದ.
"ತೊಂಬತ್ತಕ್ಕೆ ಇದು. ಸುಳ್ಳು ಹೇಳುವುದಿಲ್ಲ,
ಗಣಿಯಲ್ಲಿ ದುಡಿದದ್ದು."
ಅಪ್ಪ ತಟ್ಟನೆ ತಲೆ ಎತ್ತಿದ: "ಯಾವ ಗಣಿ?"

ಹೇಳಿದೆವು, ಒಬ್ಬರ ಮಾತು ಒಬ್ಬರು ತುಂಡರಿಸುತ್ತಾ:
ಊರಾಚೆಯ ಶೆಡ್ಡು, ಸಾಲಾಗಿ ಇನ್ನೂರು ಕಾರ್ಡು,
ಹಗಲೂ ರಾತ್ರಿ ಕಣ್ಣಿಲ್ಲದ ಲೆಕ್ಕ, ಕಾಣದ ನಾಣ್ಯ;
ನಾಣ್ಯದ ಬೆಲೆ ಬಿತ್ತು, ಕರೆಂಟಿನದು ಏರಿತು, ಬೀಗ.
"ಇದು ಚಿತ್ರ ಬಿಡಿಸುವ ಯಂತ್ರ ಅಂದಿದ್ದೆ ನೀನು."
"ಹೌದು."
"ಮೂರು ವರ್ಷದಲ್ಲಿ ಎಷ್ಟು ಬಿಡಿಸಿದೆ?"
"ಒಂದೂ ಇಲ್ಲ ಅಪ್ಪ. ಪರದೆಯನ್ನೇ ಜೋಡಿಸಿರಲಿಲ್ಲ."
"ಪಾಳಿ ಎಷ್ಟು? ರಜೆ?" ಲಿಗಾಯ್ ನಕ್ಕ.
ಅಪ್ಪ ನಗಲಿಲ್ಲ. ಕೈಗವಸು ಕಳಚಿ ಅದನ್ನೆತ್ತಿಕೊಂಡು
ರೆಕ್ಕೆಗಳ ಸಂದಿಗೆ ಉಫ್ ಎಂದು ಊದಿದ.
ಧೂಳೆದ್ದಿತು. ಕೆಮ್ಮಿದ್ದು ಅಪ್ಪ.

ಅರ್ಧ ಗಂಟೆ ಓಡಿಸಿ ನೋಡಿದೆ. ಶಾಖ ಎಂಬತ್ತಮೂರು,
ಎಡಗಡೆಯ ಫ್ಯಾನು ಆಗಾಗ ಗೊರಗೊರ.
ಆ ಗೊರಗೊರಕ್ಕೆ ನಾಲ್ಕು ಸಾವಿರ ಇಳಿಸಿದ.

ಈಗ ನಲವತ್ತನಾಲ್ಕು. ಪವರ್ ಸಪ್ಲೈ ಅಗ್ಗದ್ದು ಹದಿನೆಂಟು,
ಹಾಗಾದರೆ ಬಣ್ಣದ ದೀಪದ ಗಾಜಿನ ಪೆಟ್ಟಿಗೆಯೂ ಬಂದೀತು...
ಸುಳ್ಳೇಕೆ, ಆ ಪೆಟ್ಟಿಗೆಯ ಮೇಲೆ ನನಗೆ ಮೊದಲಿಂದ ಕಣ್ಣು.
ಅಪ್ಪ ಕೇಳಿದ: "ಇದರಲ್ಲಿ ಹಗ್ಗ ಯಾವುದು, ಬೋತಾಮ್?"
ಬೋತಾಮ್ ಅಂದರೆ ನನ್ನ ಒಂಟೆಮರಿ;
ನನಗೀಗ ಇಪ್ಪತ್ತಮೂರು, ಅಂಗಡಿಯ ನಡುವೆ.
"ಪಂಜರ ಇಳಿಸುವ ಹಗ್ಗ. ಕಿತ್ತರೆ ಎಲ್ಲರೂ ಹೋಗುವಂಥದ್ದು?"
ಪವರ್ ಸಪ್ಲೈ ತೋರಿಸಿದೆ.
"ಹರಿದ ಬೂಟು ಹಾಕಿ ಇಳಿದಿದ್ದೇನೆ. ಹರಿದ ಹಗ್ಗದಲ್ಲಿ ಇಳಿದಿಲ್ಲ."
ನಲವತ್ತೊಂದು ಎಣಿಸಿ ಕೊಟ್ಟೆ.
ಮಿಕ್ಕಿದ್ದರಲ್ಲಿ ಎರಡು ಸಂಸಾ, ಬಿಸಿ ಚಹಾ, ಬಸ್ಸು.

ಪೆಟ್ಟಿಗೆ ಪಕ್ಕದ ಮನೆಯವರು ಬಿಸಾಕಿದ್ದು, ಒಂದು ಬದಿಗೆ ಬಾಗಿಲಿಲ್ಲ.
"ಒಳ್ಳೆಯದೇ, ಗಾಳಿಯಾಡಲಿ" ಎಂದ, ಅನಿಲದ ವಾಸನೆ ಬಲ್ಲವನು.
ಮೊದಲು ಕತ್ತಲೆ. ಬೆವರಿದೆ. ಮೆಮೊರಿ ಪಟ್ಟಿಯೊಂದು
ಸರಿಯಾಗಿ ಕೂತಿರಲಿಲ್ಲ. ಒತ್ತಿದೆ, ಟಕ್.
ಆಮೇಲೆ ಪರದೆಯ ತುಂಬ ಒಂದು ಗುಡ್ಡ,
ಹುಲ್ಲು, ಒಂದೊಂದು ಎಸಳೂ ಬೇರೆ ಬೇರೆ ಬಾಗುತ್ತಿದ್ದದ್ದು.
ಅಪ್ಪ ಸ್ಟೂಲು ಎಳೆದುಕೊಂಡ.
"ಯಾರಿಗೂ ಗುಂಡು ಹೊಡೀಬೇಡ. ಸುಮ್ಮನೆ ನಡೆಸು.
ಅದೂ ಸ್ವಲ್ಪ ನೋಡಲಿ."

ಕೊಳದ ತನಕ ನಡೆಸಿದೆ. ಅಲ್ಲೇ ತೂಕಡಿಸಿದ.

ಈಗ ರಾತ್ರಿ ಎರಡು. ಗೋಡೆಯಾಚೆ ಅಪ್ಪ ಮಲಗಿದ್ದಾನೆ.
ನಡುನಡುವೆ ಎಲ್ಲೋ ಗೊರಗೊರ.
ಆಟ ನಿಲ್ಲಿಸಿ ಕಿವಿಗೊಡುತ್ತೇನೆ,
ಯಾವುದು ಯಾವುದೆಂದು.