ಎಡಕ್ಕೆ ತಿರುಗಿದವರು

ಜೋಗಿಮಟ್ಟಿಯ ಅಡಿ, ಸೀತಾಫಲದ ಗಿಡಗಳ ನಡುವೆ
ಒಂದು ಬೋಳು ಗುಂಡುಕಲ್ಲು. ಅದರ ಮೇಲೆ ನಾವು ಐದು ಮಂದಿ.
ತಂಗಡಿ ಹೂ ಬಿಟ್ಟ ಕಾಲ ಇರಬೇಕು;
ಫೋಟೋದಲ್ಲಿ ಅದರ ಹಳದಿಯೂ ಬೂದಿ,
ನನ್ನ ಲಂಗದ ಕೆಂಪೂ ಬೂದಿ,
ಓಬಕ್ಕನ ಉಡಿಯಲ್ಲಿ ತುಂಬಿದ್ದು
ಕಾರೆಹಣ್ಣೋ ಬೆಣಚುಕಲ್ಲೋ ಹೇಳಲಾಗದು.
ಚೌಕಟ್ಟಿನಾಚೆ ಎಲ್ಲೋ ಸೈಕಲ್ಲು ಒರಗಿತ್ತು,
ಹ್ಯಾಂಡಲಿಗೆ ಮಂಡಕ್ಕಿಯ ಗಂಟು.

ಅಪ್ಪ ಗಣಿಯ ಸರ್ವೇಯರನ ಕೈಕಾಲು ಹಿಡಿದು
ಒಂದು ಭಾನುವಾರದ ಮಟ್ಟಿಗೆ ತಂದ ಕ್ಯಾಮೆರಾ.
ರೀಲಿನಲ್ಲಿ ಉಳಿದಿದ್ದು ಒಂದೇ.
"ಅಲುಗಾಡಬ್ಯಾಡ್ರಿ" ಅಂದ, ಮೂರು ಸಲ.
ಅಲುಗಾಡಲಿಲ್ಲ ನಾವು,
ತಿರುಗಿದೆವು ಅಷ್ಟೆ.
ನಾಲ್ಕು ಮುಖ ಎಡಕ್ಕೆ, ಒಂದೇ ದಾರ ಎಳೆದ ಹಾಗೆ.

ಏನಿತ್ತು ಎಡಕ್ಕೆ?
ನಲವತ್ತು ವರ್ಷದಿಂದ ಈ ಜಗಳ ಹರಿದಿಲ್ಲ.
ನವಿಲು ಕೂಗ್ತು ಅನ್ನುತ್ತಾಳೆ ಓಬಕ್ಕ.
ಪಾಲಣ್ಣನಿಗೆ ಅದು ಇಂಗಳದಾಳದ ಗಣಿಯ ಸಿಡಿತ,
ಕಾಲಡಿ ಕಲ್ಲು ಜುಮ್ಮೆಂದಿದ್ದೂ ನೆನಪಿದೆಯಂತೆ.
ಸಣ್ಣೋಬಿ ಆಣೆ ಇಡುತ್ತಾಳೆ: ಕರಡಿ.
ನಾನು, ಯಾರೋ ನನ್ನ ಹೆಸರು ಹಿಡಿದು ಕರೆದರು ಅಂದುಕೊಂಡಿದ್ದೆ.
ಈಗಲೂ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ.

ಬಲತುದಿಯಲ್ಲಿ, ಚಡ್ಡಿಯ ಲಾಡಿ ಇಳಿಬಿಟ್ಟು ನಿಂತ
ಮೂರು ವರ್ಷದ ನುಂಕೇಶ ಮಾತ್ರ
ನೆಟ್ಟಗೆ ಇತ್ತಲೇ ನೋಡುತ್ತಿದ್ದಾನೆ.

"ಹೇಳಿದ ಮಾತು ಕೇಳಿದವನು ಇವನೊಬ್ಬನೇ" ಅಂತ
ಬಂದವರಿಗೆಲ್ಲ ಅವ್ವ ಹೆಮ್ಮೆಯಿಂದ ತೋರಿಸಿದಳು.
ದಾವಣಗೆರೆಯ ಡಾಕ್ಟರು ಅವನ ಬೆನ್ನ ಹಿಂದೆ ನಿಂತು
ಹಿತ್ತಾಳೆ ಗಂಟೆ ಬಾರಿಸಿದ ದಿನದ ತನಕ.
ಆಮೇಲೆ ಫೋಟೋ ಟ್ರಂಕಿನ ತಳಕ್ಕೆ ಹೋಯಿತು,
ನುಸಿಗುಳಿಗೆಯ ಜೊತೆ.

ನಮ್ಮ ನಮ್ಮಲ್ಲೇ ಸನ್ನೆ ಕಟ್ಟಿಕೊಂಡೆವು.
ಅವ್ವ ಅಂದರೆ ಮೂಗುಬೊಟ್ಟು ಮುಟ್ಟುವುದು.
ಅಪ್ಪ ಅಂದರೆ ತಲೆಯ ಮೇಲೆ ಗೆಣ್ಣಿನಿಂದ ಟಕಟಕ,
ಗಣಿಯ ಟೋಪಿ.
ನವಿಲಿಗೆ ಸನ್ನೆ ಇತ್ತು, ಕರಡಿಗೂ ಇತ್ತು.
ಆ ಭಾನುವಾರದ ಬಗ್ಗೆ ಅವನನ್ನು ಯಾರೂ ಕೇಳಲಿಲ್ಲ.
ಕೇಳುವುದಾದರೂ ಏನು?

ಮೊನ್ನೆ ಸಣ್ಣೋಬಿಯ ಮಗಳ ಸೀಮಂತಕ್ಕೆ ಸೇರಿದಾಗ
ಬೆಳ್ಳಿ ಬಟ್ಟಲು ಹುಡುಕುತ್ತ ಟ್ರಂಕು ತೆಗೆದೆವು.
ಮತ್ತೆ ನವಿಲು, ಮತ್ತೆ ಸಿಡಿತ, ಮತ್ತೆ ಕರಡಿ.
ನುಂಕೇಶ ಅಂಗಡಿ ಬೋರ್ಡು ಬರೆಯುವವನು,
ಉಗುರಿನ ಸಂದಿಯಲ್ಲಿ ನೀಲಿ ಬಣ್ಣ,
ಫೋಟೋ ಈಸಿಕೊಂಡ. ಹಿಂಬದಿ ತಿರುವಿ ನೋಡಿದ.
ಅಲ್ಲೇನೂ ಇರಲಿಲ್ಲ.

ಎದ್ದು ಹೋಗಿ
ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ.
ಎಡಗಣ್ಣು ಮುಚ್ಚಿದ.
ನಾಲಗೆಯ ತುದಿ ತುಟಿಯಂಚಿಗೆ ಬಂತು.
ಎರಡೂ ಕೈ ಬಲಗಣ್ಣಿನ ಮುಂದೆ ಒಂದು ಡಬ್ಬಿ ಹಿಡಿದವು,
ಒಳಗೊಳಗೇ ಬಂದ ನಗುವಿಗೆ ಹೆಗಲು ಕುಲುಕಿ
ಡಬ್ಬಿ ಅಲುಗಾಡದಿರಲೆಂದು
ಉಸಿರು ಬಿಗಿ ಹಿಡಿದ.

ಗಣಿಯ ಗುರುತಿನ ಚೀಟಿಯ ಗಂಟುಮುಖ ಬಿಟ್ಟರೆ
ಅಪ್ಪನ ಫೋಟೋ ನಮ್ಮಲ್ಲಿ ಒಂದೂ ಇಲ್ಲ.

ಓಬಕ್ಕ ಸೆರಗು ಸರಿಮಾಡಿಕೊಂಡಳು.
ಎಲ್ಲರೂ ನೆಟ್ಟಗೆ ನೋಡುತ್ತ ಕೂತೆವು
ಅವನು ಒತ್ತುವ ತನಕ.