ಇಪ್ಪತ್ತೇಳು

ಎದಿರ್ನೆಯ ಹಳೇ ಪೇಟೆ, ಮಧ್ಯಾಹ್ನ
ಮಸೀದಿಯ ನೆರಳು ಬಂದು ಕೂರುವ ಮೂಲೆ.
ಮೂವತ್ತೊಂದು ವರ್ಷ ಇಲ್ಲೇ ಈಲಿ ಕರಿದೆ.
ಕಾಗದದಷ್ಟು ತೆಳ್ಳಗೆ ಸೀಳು, ಹಿಟ್ಟು ಕೊಡವು,
ಎಣ್ಣೆ ಹೊಗೆಯಾಡುವ ಮುಂಚೆ ಎತ್ತು.
ನನಗೆ ಬರುವ ವಿದ್ಯೆ ಇಷ್ಟೇ.

ಡಾಕ್ಟರ್ ಬೆರ್ರಿನ್ ಹಾಳೆಯ ಮೇಲೆ
ಒಂದು ಅಂಕಿಗೆ ಸುತ್ತು ಹಾಕಿದರು. ಇಪ್ಪತ್ತೇಳು.
ಕಡಿಮೆ, ಎಂದರು.
ಕಡಿಮೆಯಿದ್ದರೆ ಒಳ್ಳೆಯದೇ ಅಲ್ಲವೇ ತಾಯಿ?
ಸಕ್ಕರೆ, ಬಿ.ಪಿ., ಅಂಗಡಿ ಬಾಡಿಗೆ,
ನೆಬಾಹತಳ ಸಿಟ್ಟು,
ಯಾವುದು ಇಳಿದರೂ ನನಗೆ ಹಬ್ಬ.
ಇದೊಂದು ಬಿಟ್ಟು, ಎಂದರು.
ಇದು ಒಳ್ಳೆಯ ಕೊಲೆಸ್ಟ್ರಾಲ್.

ಒಳ್ಳೆಯ ಕಳ್ಳ ಅಂದ ಹಾಗೆ ಕೇಳಿಸಿತು.

ಆಕೆ ನನ್ನ ಅಂಗಡಿಯ ಮಾತಿಗೇ ಇಳಿದರು:
ಸೋಡಾ ತಂದಿಳಿಸುವ ಲಾರಿ ದಿನವೂ ಬರುತ್ತದೆ.
ಖಾಲಿ ಬಾಟಲಿ ಹೊತ್ತೊಯ್ಯುವ ಹುಡುಗ ಬಾರದಿದ್ದರೆ?
ಓಣಿ ತುಂಬುತ್ತದೆ, ಎಂದೆ.
ನಿಮ್ಮ ರಕ್ತದ ಓಣಿಯಲ್ಲಿ ಆ ಹುಡುಗರು ಕಡಿಮೆ.
ಎಲ್ಲಿಗೆ ಒಯ್ಯುತ್ತಾರೆ ಅವರು?
ಈಲಿಗೆ.

ನಕ್ಕೆ. ನಗು ಅರ್ಧಕ್ಕೆ ನಿಂತಿತು.
ಊರಿಗೆಲ್ಲ ಈಲಿ ಬಡಿಸಿದವನ ಈಲಿ
ಒಳಗೆ ಬಾಗಿಲು ತೆರೆದಿಟ್ಟುಕೊಂಡು
ಬಾರದ ಹುಡುಗರಿಗೆ ಕಾಯುತ್ತಿದೆ.

ಹಾಗಾದರೆ ಈ ಅಂಕಿ ಏರಿಸುವ ಮಾತ್ರೆ ಬರೆಯಿರಿ.
ಬಂದಿದ್ದವು, ಎಂದರು. ಅಂಕಿ ಏರಿತು,
ಎದೆ ಹಿಡಿದು ಬೀಳುವವರು ಬೀಳುತ್ತಲೇ ಇದ್ದರು.
ತಕ್ಕಡಿಯ ಮುಳ್ಳನ್ನು ಬೆರಳಲ್ಲಿ ತಳ್ಳಿದರೆ
ತಟ್ಟೆಯಲ್ಲಿ ಮಾಂಸ ಹೆಚ್ಚುತ್ತದೆಯೇ, ನೆವ್ಜಾತ್ ಬೇ?
ತಲೆ ತಗ್ಗಿಸಿದೆ. ಒಮ್ಮೊಮ್ಮೆ ತಳ್ಳಿದ್ದುಂಟು.

ಅಪ್ಪನ ಬಗ್ಗೆ ಕೇಳಿದರು.
ಅಪ್ಪ ಹುಲ್ಲುಮೈದಾನದ ಕುಸ್ತಿಯಲ್ಲಿ
ಪೈಲ್ವಾನರ ಬೆನ್ನಿಗೆ ಎಣ್ಣೆ ಹೊಯ್ಯುವವನು. ಸಣಕಲ.
ಐವತ್ತೆರಡಕ್ಕೆ, ಹೂಜಿ ಕೈಯಲ್ಲಿರುವಾಗಲೇ ಕುಸಿದ.
ಚೆಲ್ಲಿದ ಎಣ್ಣೆ ಹುಲ್ಲಿನ ಮೇಲೆ ಬಿಸಿಲಿಗೆ ಹೊಳೆಯುತ್ತಿತ್ತು,
ನಾನು ಅದನ್ನೇ ನೋಡುತ್ತ ನಿಂತಿದ್ದೆ, ಅವನನ್ನಲ್ಲ.
ಡಾಕ್ಟರ್ ಪೆನ್ನು ಕೆಳಗಿಟ್ಟರು.
ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಕಡಿಮೆ, ಎಂದರು ಮೆಲ್ಲಗೆ.
ಅಪ್ಪ ನನಗೆ ಏನೂ ಬಿಟ್ಟುಹೋಗಲಿಲ್ಲವೆಂದು
ಇಷ್ಟು ವರ್ಷ ಗೊಣಗಿದ್ದೆ.

ಸಿಗರೇಟು ಹೋಯಿತು. ಅದು ಹೋದ ವಾರ
ಜಗತ್ತಿಗೇ ಜ್ವರ ಬಂದಂತಿತ್ತು.
ರಾತ್ರಿಗೊಂದು ಬಿಳಿ ಮಾತ್ರೆ; ಅದು ಕೆಟ್ಟದ್ದಕ್ಕೆ,
ಲಾರಿಗಳನ್ನು ಕಡಿಮೆ ಮಾಡಲು.
ಚಹಾಕ್ಕೆ ಮೂರಿದ್ದ ಸಕ್ಕರೆ ತುಂಡು ಒಂದಾಯಿತು.
ಇನ್ನರ್ಧ ಕದ್ದು ನೆಕ್ಕುತ್ತೇನೆ, ಅದನ್ನೂ ಬರೆದುಕೊಳ್ಳಿ.
ಅಂಗಡಿ ಮುಚ್ಚಿ ಮೆರಿಚ್ ಸೇತುವೆಯವರೆಗೆ, ದಾಟಿ, ವಾಪಸು:
ನೆಬಾಹತ್ ಮುಂದೆ, ನನ್ನ ಹೊಟ್ಟೆ ನಡುವೆ, ನಾನು ಹಿಂದೆ.

ಆರು ತಿಂಗಳಿಗೆ, ಮೂವತ್ತು.
ಮೂರೇ ಮೂರು! ಇಷ್ಟಕ್ಕೆ ಸೇತುವೆಯ ಕಲ್ಲು ಸವೆಸಿದೆನೇ?
ಆಕೆ ಉಳಿದ ಸಾಲುಗಳ ಮೇಲೆ ಬೆರಳಾಡಿಸಿದರು.
ಕೆಟ್ಟದ್ದು ಅರ್ಧಕ್ಕಿಳಿದಿದೆ. ಬೆಲ್ಟು ಎರಡು ತೂತು ಒಳಗೆ.
ಚೆಲ್ಲಿದ ಎಣ್ಣೆಯನ್ನೇ ಎಷ್ಟು ನೋಡುತ್ತೀರಿ, ಎಂದರು,
ಮನುಷ್ಯನನ್ನು ನೋಡಿ.

ನಮ್ಮಲ್ಲಿ ಮುದ್ದಿನವರನ್ನು ಕರೆಯುವುದೇ
'ನನ್ನ ಈಲಿ' ಎಂದು.
ಮದುವೆಯ ಹೊಸದರಲ್ಲಿ ನೆಬಾಹತ್ ಹಾಗೆ ಕರೆಯುತ್ತಿದ್ದಳು,
ಆಮೇಲೆ ಆ ಪದ ಅಂಗಡಿಯ ಬೋರ್ಡಿನ ಮೇಲಷ್ಟೇ ಉಳಿಯಿತು.
ನಿನ್ನೆ ಐದನೇ ಕಮಾನಿನ ಹತ್ತಿರ ಉಸಿರಿಗೆ ನಿಂತೆ.
ಕೈ ತಾನಾಗಿ ಕಿಸೆಗೆ ಹೋಯಿತು, ಸಿಗರೇಟು ಹುಡುಕಿ.
ಸಿಕ್ಕಿದ್ದು ಸೂರ್ಯಕಾಂತಿ ಬೀಜ.
ಮುಂದೆ ಕತ್ತಲಲ್ಲಿ ಅವಳ ದನಿ:
ಯಾಕೆ ನಿಂತೆ, ನನ್ನ ಈಲಿ?

ಸಿಪ್ಪೆಯನ್ನು ನದಿಗೆ ಉಗಿದು ಹೊರಟೆ.